ಸಂಸಾರದ ಮಾತು: ಇಬ್ಬರೇ ಹೋದ ಪ್ರವಾಸ

ಈ ಪುಟದಲ್ಲಿ ‘ನಾವು’ ಎಂದು ಬರೆಯುವದು ಪತ್ರಿಕೆಯ ರೂಢಿ. ಬರೆಯುವ ಕೈ ಒಂದೇ ಎಂಬುದು ವಾಚಕರಿಗೆ ತಿಳಿದ ಸಂಗತಿ. ಈ ತಿಂಗಳು ಮಾತ್ರ ಆ ಶಬ್ದಕ್ಕೆ ತನ್ನ ನಿಜವಾದ ಅರ್ಥ ಬಂದಿರುವದು. ಹೋದವರು ಇಬ್ಬರು, ನಾವು ಮತ್ತು ನಮ್ಮ ಮನೆಯವರು. ಬರೆದುದನ್ನು ಅವರಿಗೆ ಓದಿ ಹೇಳಿಯೇ ಅಚ್ಚಿಗೆ ಕಳಿಸಿದ್ದೇವೆ. ಎರಡು ಕಡೆ ಅವರು ಹೊಡೆದುಹಾಕಿಸಿದರು. ಅದು ವಾಚಕರ ಪಾಲಿಗಿಲ್ಲ.

ನಮ್ಮ ಊರು ಗದಗ ತಾಲೂಕಿನ ಕೋಟುಮಚಗಿ. ಕ್ರಿ. ಶ. 1012ರ ಚಾಲುಕ್ಯರ ಕಾಲದ ಶಾಸನವುಳ್ಳ ಹಳೆಯ ಊರು. ಸುತ್ತಲೂ ಎರೆಯ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ, ಕುಸುಬೆ. ಹೊಳೆಯನ್ನು ಕಾಣಬೇಕಾದರೂ ಪರವೂರಿಗೆ ಹೋಗಬೇಕು. ಮಳೆ ಬಿದ್ದಾಗ ನಮ್ಮ ಹಳ್ಳಗಳಲ್ಲಿ ಹರಿಯುವ ನೀರು ಕೊನೆಗೆ ಕೃಷ್ಣೆಯ ಪಾಲಾಗಿ ಬಂಗಾಲದ ಉಪಸಾಗರವನ್ನು ಸೇರುವದೆಂದು ಶಾಲೆಯಲ್ಲಿ ಕಲಿತಿದ್ದೆವು. ನೀರು ಸಮುದ್ರವನ್ನು ಕಂಡಿತು. ನಮ್ಮ ಹೆಂಗಸರು ಕಾಣಲಿಲ್ಲ.

ನಮ್ಮ ಲಗ್ನವಾದದ್ದು 1985ರಲ್ಲಿ, ಭಾರತ ಹುಣ್ಣಿಮೆಯ ಮರುದಿವಸ. ಅದೇ ಬೇಸಿಗೆಯಲ್ಲಿ ಕೆಲಸದ ನಿಮಿತ್ತ ನಾವೊಬ್ಬರೇ ಕಾರವಾರಕ್ಕೆ ಹೋಗಿಬಂದೆವು. ಬಂದವರು ಹೊಸ ಹೆಂಡತಿಯ ಮುಂದೆ ಸಮುದ್ರದ ವರ್ಣನೆಯನ್ನು ಸ್ವಲ್ಪ ಹೆಚ್ಚಾಗಿಯೇ ಮಾಡಿದ್ದೆವು. “ಎಷ್ಟ ದೊಡ್ಡದೈತ್ರೀ?” ಎಂದು ಅವರು ಕೇಳಿದರು. “ಹೇಳಿದರ ತಿಳಿಯಂಗಿಲ್ಲ, ಸುಗ್ಗಿ ಮುಗದ ಮ್ಯಾಲೆ ತೋರಸ್ತೀನಿ” ಎಂದೆವು. ಆ ವರುಷ ಮಳೆ ಕೈಕೊಟ್ಟಿತು. ಮರುವರುಷ ಬಾಣಂತನ. ಮುಂದೆ ತಂದೆಯವರ ಬೇನೆ, ಎರಡೆಕರೆ ಹೊಲದ ಖರೀದಿ, ಮಗಳ ಲಗ್ನ, ಎರಡು ಸಲ ಕೊರೆಸಿ ಎರಡೂ ಸಲ ನೀರು ಬೀಳದ ಕೊಳವೆಬಾವಿ. ಹೀಗೆ ಸುಗ್ಗಿಯ ಮೇಲೆ ಸುಗ್ಗಿ ಕಳೆದವು.

ಊರು ಬಿಟ್ಟು ಹೋಗಿಯೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೇವೆ, ಉಳವಿಯ ಜಾತ್ರೆಗೆ ಹೋಗಿದ್ದೇವೆ. ಉಳವಿಯು ಸಮುದ್ರವಿರುವ ಉತ್ತರ ಕನ್ನಡ ಜಿಲ್ಲೆಯೊಳಗೇ ಇದೆ; ಅಲ್ಲಿಯ ವರೆಗೆ ಹೋಗಿ, ಚನ್ನಬಸವಣ್ಣನ ತೇರನ್ನೆಳೆದು, ಸಮುದ್ರಕ್ಕೆ ಬೆನ್ನು ಮಾಡಿ ತಿರುಗಿ ಬಂದವರು ನಾವು. ಆದರೆ ಹೋದಾಗಲೆಲ್ಲ ಹತ್ತು ಹನ್ನೆರಡು ಮಂದಿಯ ಮೇಳ. ಅಡಿಗೆಯ ಪಾತ್ರೆಗಳು ಸಂಗಡ. ಅವುಗಳೊಡನೆ ಅಡಿಗೆ ಮಾಡುವವರೂ ಸಂಗಡ. ಗಂಡಸರು ದೇವರ ದರ್ಶನಕ್ಕೆ ಹೋದಾಗ ಹೆಂಗಸರು ಒಲೆಗೆ ಕಲ್ಲು ಹುಡುಕುತ್ತಿದ್ದರು. ಅದನ್ನು ನಾವು ಪ್ರವಾಸವೆಂದು ಕರೆದೆವು.

ಇನ್ನು ನಮ್ಮ ತಪ್ಪಿನ ಮಾತು. ಎರಡು ವರುಷಗಳಿಂದ ಮನೆಯವರು ಹೊಸ್ತಿಲ ಬದಿಯಲ್ಲಿದ್ದ ಕೊಡವನ್ನು ಎಡವುತ್ತಿದ್ದರು. ಪಕ್ಕದಲ್ಲಿಟ್ಟ ತಾಟನ್ನು ಮೊಳಕೈಯಿಂದ ಕೆಡವುತ್ತಿದ್ದರು. ಬಾಜೂಕಿನಿಂದ ಯಾರಾದರೂ ಬಂದರೆ ಬೆಚ್ಚಿಬೀಳುತ್ತಿದ್ದರು. “ಲಕ್ಷ್ಯ ಎಲ್ಲಿರತೈತಿ?” ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಒಮ್ಮೆ ಸಿಟ್ಟನ್ನೂ ಮಾಡಿದೆವು. ಸೂಜಿಗೆ ದಾರ ಪೋಣಿಸಬಲ್ಲವರ ಕಣ್ಣಿಗೆ ರೋಗವಿರಬಹುದೆಂದು ನಮಗೆ ಹೊಳೆಯಲಿಲ್ಲ. ಕಡೆಗೆ ಚಷ್ಮೆಯನ್ನು ಬದಲಿಸಲೆಂದು ಹುಬ್ಬಳ್ಳಿಗೆ ಹೋದಾಗ ವೈದ್ಯರು ಕಣ್ಣಿನೊಳಗಿನ ಒತ್ತಡವನ್ನು ಅಳೆದು ನೋಡಿ ಗ್ಲಾಕೋಮಾ ಎಂದರು. ಪಾದರಸದ 10ರಿಂದ 21 ಮಿಲಿಮೀಟರುಗಳ ವರೆಗೆ ಇರತಕ್ಕ ಒತ್ತಡ ಅವರಿಗೆ 30ರ ಮೇಲಿತ್ತು. ಈ ರೋಗದಲ್ಲಿ ನೋವಿರುವದು ಕಡಿಮೆ. ದೃಷ್ಟಿಯು ಅಂಚಿನಿಂದ ಸವೆಯುತ್ತ ಬಂದು ನಡುವಿನ ಭಾಗ ಬಹುಕಾಲ ಉಳಿಯುವದು. ಆದುದರಿಂದ ಸೂಜಿ ಕಾಣುವದು, ಕೊಡ ಕಾಣದು. ಹೋದದ್ದು ತಿರುಗಿ ಬಾರದು. ಔಷಧಿಯ ಹನಿಗಳಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಉಳಿದದ್ದನ್ನು ಕಾಯಬಹುದು. ಎಡಗಣ್ಣಿನಲ್ಲಿ ಬಹಳಷ್ಟು ಹೋಗಿತ್ತು. ಬಲಗಣ್ಣಿನಲ್ಲಿ ನಡುವಿನ ಭಾಗವಿತ್ತು.

ಊರಿಗೆ ಮರಳುವಾಗ ಮೋಟಾರಿನಲ್ಲಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಅಣ್ಣಿಗೇರಿ ದಾಟಿದ ಮೇಲೆ, “ಸಮುದ್ರ ತೋರಸ್ತೀನಿ ಅಂದಿದ್ರಿ” ಎಂದರು. ಅಷ್ಟೇ.

ಲಗ್ನದ ವಾರ್ಷಿಕೋತ್ಸವವೆಂಬುದು ನಮ್ಮ ಕಾಲದವರಿಗೆ ತಿಳಿಯದ ಹಬ್ಬ. ಮಕ್ಕಳು ಸೊಸೆಯಂದಿರು ಆಚರಿಸುವದನ್ನು ನೋಡಿ, ಬೆಣ್ಣೆ ಬಳಿದ ಬಿಸ್ಕೂಟದಂಥ ಆ ಕೇಕನ್ನು ಬಾಯಿಗಿಟ್ಟುಕೊಂಡು ಸುಮ್ಮನಿದ್ದವರು ನಾವು. ನಲವತ್ತು ವರುಷ ತುಂಬುವ 2025ರ ಭಾರತ ಹುಣ್ಣಿಮೆಗೆ ಸಮುದ್ರದ ದಂಡೆಗೆ ಹೋಗುವೆವೆಂದು ಹೇಳಿದಾಗ ಹಿರಿಯ ಮಗನು ಹಿಗ್ಗಿ ದೊಡ್ಡ ಮೋಟಾರು ಗೊತ್ತುಮಾಡಲು ಹೊರಟನು. ಬೀಗರು, ಮೊಮ್ಮಕ್ಕಳು, ಒಟ್ಟು ಹದಿಮೂರು ತಲೆ ಲೆಕ್ಕವಾಯಿತು. ಆಗ ಮನೆಯವರು ರೊಟ್ಟಿ ತಟ್ಟುತ್ತಿದ್ದವರು ತಲೆಯೆತ್ತದೆ, “ಮಂದೀನ ಕಟಗೊಂಡು ಹೋಗೂದು ಜಾತ್ರಿಗೆ. ಇದಕ್ಕ ಇಬ್ಬರ ಹೋಗೂಣು” ಎಂದರು. ಮನೆಯೆಲ್ಲ ಸ್ತಬ್ಧವಾಯಿತು. ನಮಗೂ ಒಳಗೊಳಗೆ ಅಂಜಿಕೆಯಾಯಿತೆಂದು ಒಪ್ಪಿಕೊಳ್ಳಬೇಕು. ನಲವತ್ತು ವರುಷ ಒಂದೇ ಸೂರಿನ ಕೆಳಗಿದ್ದರೂ ನಾವಿಬ್ಬರೇ ಕುಳಿತು ಒಂದು ತಾಸು ಮಾತಾಡಿದ್ದುಂಟೇ? ನಾಲ್ಕು ದಿವಸ ಏನು ಮಾತಾಡುವದು?

ಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ. ಕೈಚೀಲದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಣ್ಣಿನ ಔಷಧಿ. ಗದಗಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಟಿಕೆಟ್ಟಿನ ಸಮಯದಲ್ಲಿ ಅವರು ತಮ್ಮ ಆಧಾರ ಕಾರ್ಡನ್ನು ಮುಂದೆ ಚಾಚಿದರು. 2023ರ ಜೂನಿನಿಂದ ಸರಕಾರಿ ಸಾದಾ ಮೋಟಾರುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಬಾಡಿಗೆಯಿಲ್ಲವಷ್ಟೆ. ಶೂನ್ಯವೆಂದು ಬರೆದ ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು, “ನಾ ನಿಮ್ಮನ್ನ ಕರಕೊಂಡ ಹೊಂಟೀನಿ, ನಿಮ್ಮ ರೊಕ್ಕ ನೀವ ಕೊಡ್ರಿ” ಎಂದರು. ನಾಲ್ಕು ದಶಕಗಳ ಮಾತನ್ನು ನಡಿಸಿಕೊಡುತ್ತಿರುವ ಉದಾರ ಪತಿಯೆಂಬ ನಮ್ಮ ಹೆಮ್ಮೆ ಹುಬ್ಬಳ್ಳಿಯ ನಿಲ್ದಾಣದಲ್ಲಿಯೇ ಇಳಿಯಿತು.

ಕಲಘಟಗಿಯನ್ನು ದಾಟಿದ ಮೇಲೆ ಎರೆ ಮುಗಿದು ಕೆಮ್ಮಣ್ಣು, ಯಲ್ಲಾಪುರದಿಂದಾಚೆಗೆ ಅಡವಿ. ಹುಬ್ಬಳ್ಳಿ ಧಾರವಾಡಗಳ ಪಶ್ಚಿಮಕ್ಕೆ ಬಿದ್ದ ಮಳೆಯು ಬೇಡ್ತಿಯಾಗಿ ಈ ಮಾರ್ಗವನ್ನೇ ಹಿಡಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅರಬಿ ಸಮುದ್ರವನ್ನು ಸೇರುವದು. ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆಯೂ ಅದರೊಳಗೇ ಕೂಡುವಳು. ಅರಬೈಲು ಘಟ್ಟದ ತಿರುವುಗಳಲ್ಲಿ ಮನೆಯವರು ಕಣ್ಣುಮುಚ್ಚಿ ನಿಂಬೆಹಣ್ಣನ್ನು ಮೂಸುತ್ತ ಕುಳಿತರು. ಘಟ್ಟದ ಸೌಂದರ್ಯವನ್ನು ವರ್ಣಿಸುವ ಅಧಿಕಾರ ಈ ಸಲ ನಮಗಿಲ್ಲ. ಅಂಕೋಲೆಗೆ ಇಳಿದಾಗ ಮೈಗೆ ಅಂಟುವ ಸೆಖೆ, ಗಾಳಿಯಲ್ಲಿ ಮೀನಿನ ವಾಸನೆ. ಸೆರಗು ಮೂಗಿಗೆ ಹೋಯಿತು.

ಕಾರವಾರವನ್ನು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಇಳಿದುಕೊಳ್ಳುವ ಸ್ಥಳವನ್ನೂ ನೋಡದೆ ಗಂಟುಗಳ ಸಹಿತವಾಗಿ ದಂಡೆಗೆ ನಡೆದೆವು. ಗಾಳಿಮರಗಳ ಸಾಲು ಮುಗಿದೊಡನೆ ಉಸುಕು, ಉಸುಕಿನಾಚೆ ಅದು.

ನಾವು ಒಂದು ಸಲ ನೋಡಿದೆವು. ಸಮುದ್ರ ಹಾಗೆಯೇ ಇದ್ದಿತು. ಕೋಣೆ ಸಿಕ್ಕೀತೋ ಇಲ್ಲವೋ ಎಂಬ ಚಿಂತೆಯಿಂದ ಊರಿನ ಕಡೆಗೆ ತಿರುಗಿದೆವು. ಅವರು ಕದಲಲಿಲ್ಲ. ಬಲಕ್ಕೆ, ಕಾಳೀನದಿಯು ಕೂಡುವ ಕಡೆಗೆ, ಮುಖ ಮಾಡಿ ನಿಂತಿದ್ದವರು ಕತ್ತನ್ನು ಮೆಲ್ಲನೆ, ಬಹಳ ಮೆಲ್ಲನೆ, ಎಡಕ್ಕೆ ಬಂದರದ ಗುಡ್ಡದ ವರೆಗೆ ತಿರುಗಿಸಿದರು. ಮತ್ತೆ ಎಡದಿಂದ ಬಲಕ್ಕೆ. ಏನಾಯಿತೆಂದು ಕೇಳಿದೆವು. “ಒಮ್ಮೆಲೆ ಎಲ್ಲಾ ಕಾಣಂಗಿಲ್ರೀ. ತುಂಡ ತುಂಡ ನೋಡಬೇಕಾಗೇತಿ” ಎಂದರು. ತುಸು ಹೊತ್ತಿನ ಮೇಲೆ, “ಈ ಕಡಿಂದ ಆ ಕಡಿಗೆ ಮುಟ್ಟಾಕ ವ್ಯಾಳ್ಯಾ ಹಿಡೀತೈತಿ. ದೊಡ್ಡದೈತಿ ಬಿಡ್ರಿ” ಎಂದರು. ನಲವತ್ತು ವರುಷದ ಹಿಂದೆ ಕೇಳಿದ ಪ್ರಶ್ನೆಗೆ ಉತ್ತರವನ್ನು ತಾವೇ ಕಂಡುಕೊಂಡಂತಾಯಿತು. ನಾವು ಗಂಟುಗಳನ್ನು ಉಸುಕಿನ ಮೇಲಿಟ್ಟು ಕುಳಿತೆವು. ಕೋಣೆಯ ಚಿಂತೆ ರಾತ್ರಿ ಎಂಟರ ವರೆಗೆ ಹಾಗೆಯೇ ಉಳಿಯಿತು.

ಅಂದು ಹುಣ್ಣಿಮೆ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಚಂದ್ರಸೂರ್ಯರ ಸೆಳೆತಗಳು ಒಂದೇ ಗೆರೆಯಲ್ಲಿ ಕೂಡುವದರಿಂದ ಸಮುದ್ರದ ಭರತವು ಹೆಚ್ಚು ಮೇಲಕ್ಕೇರುವದು, ಇಳಿತವು ಹೆಚ್ಚು ಕೆಳಗಿಳಿಯುವದು. ತೆರೆಗಳು ಓರೆಯಾಗಿ ಬರುತ್ತಿದ್ದವು. ಮುಂದಿನದನ್ನು ಅವರು ಕಾಣುತ್ತಿದ್ದರು, ಪಕ್ಕದಿಂದ ಬಂದದ್ದು ಮೊಣಕಾಲಿಗೆ ಬಡಿದ ಮೇಲೆಯೇ ತಿಳಿಯುತ್ತಿತ್ತು. ಒಮ್ಮೆ ತೂರಾಡಿದರು. ನಾವು ಕೈ ಹಿಡಿದೆವು. ನಾಲ್ಕು ಜನರ ಎದುರಿನಲ್ಲಿ ಹೆಂಡತಿಯ ಕೈಯನ್ನು ಹಿಡಿದದ್ದು ಅಕ್ಷತೆ ಬಿದ್ದ ದಿವಸದ ತರುವಾಯ ಅದೇ ಮೊದಲು. ನಮ್ಮ ಊರಿನವರು ಯಾರೂ ಅಲ್ಲಿರಲಿಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡೆವೆಂಬುದನ್ನು ಅವರು ಈ ಲೇಖನದಲ್ಲಿ ಸೇರಿಸಲು ಹೇಳಿದ್ದಾರೆ.

ಈ ದಂಡೆಗೆ ಈಗ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು, ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿದ ಮೊದಲನೆಯ ಹಿಂದೀಯರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮನು ಬಂದು ಅವರಲ್ಲಿ ತಂಗಿದ್ದಾಗ ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಬರೆದನೆಂದೂ, ಬೆಳದಿಂಗಳ ರಾತ್ರಿ ಕಾಳೀನದಿಯಲ್ಲಿ ದೋಣಿಯ ವಿಹಾರ ಮಾಡಿದನೆಂದೂ ಅವರ ಆತ್ಮಕಥನದಿಂದ ತಿಳಿಯುವದು. ಹಿಂದಿರುಗಿದ ಕೆಲವು ಕಾಲದಲ್ಲಿ, 1883ರ ಡಿಸೆಂಬರದಲ್ಲಿ, ಅವರ ಮದುವೆಯಾಯಿತು. ನಾವು ಇದನ್ನೆಲ್ಲ ಉತ್ಸಾಹದಿಂದ ಹೇಳಿದರೆ ಮನೆಯವರು ಕೇಳಿದ್ದು ಒಂದೇ ಮಾತು: “ಆ ಅಣ್ಣನ ಹೆಂಡತಿ?” ಅದೃಷ್ಟದಿಂದ ಅದರ ಉತ್ತರ ನಮಗೆ ಗೊತ್ತಿತ್ತು. ಜ್ಞಾನದಾನಂದಿನೀದೇವಿಯವರು 1864ರಲ್ಲಿ, ಒಳ್ಳೆಯ ಮನೆತನದ ಹೆಂಗಸರು ಹೊಸ್ತಿಲು ದಾಟದಿದ್ದ ಕಾಲದಲ್ಲಿ, ಗಂಡನೊಡನೆ ಕಲಕತ್ತೆಯಿಂದ ಮುಂಬಯಿಗೆ ಬಂದು ಸಂಸಾರ ಹೂಡಿದರು. 1877ರಲ್ಲಿ ಗಂಡನ ಜೊತೆಯಿಲ್ಲದೆ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ಇಂಗ್ಲೆಂಡಿಗೂ ಹೋದರು. ಮುಂಬಯಿಯ ಪಾರಸೀ ಹೆಂಗಸರನ್ನು ನೋಡಿ ಸೀರೆಯುಡುವ ಹೊಸ ರೀತಿಯನ್ನು ಬಂಗಾಲದಲ್ಲಿ ರೂಢಿಗೆ ತಂದವರೂ ಅವರೇ. ಕೇಳಿ ಮನೆಯವರು, “ಹಂಗಾದರ ದಂಡಿಗೆ ಆಕೀ ಹೆಸರೂ ಇಡಬೇಕಾಗಿತ್ತು” ಎಂದರು. ಪುರಸಭೆಯವರು ಯೋಚಿಸತಕ್ಕ ಮಾತು.

ಮರುದಿವಸ ನಮ್ಮ ಲಗ್ನದ ದಿವಸ. ಮುಂಜಾವಿನಲ್ಲಿ ದಂಡೆಯ ಮೇಲೆ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಒಯ್ದು ಅರ್ಧವರ್ತುಲವಾಗಿ ಬಿಟ್ಟ ಬಲೆಯ ಎರಡೂ ತುದಿಗಳನ್ನು ಹಿಡಿದು, ಗಂಡಸರು ಹೆಂಗಸರೆನ್ನದೆ ಸಾಲುಗಟ್ಟಿ, ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆಯುವದು. ಹಿಂದಿನ ಕಾಲದ ರಂಪಣಿಯೆಂಬ ದೊಡ್ಡ ಬಲೆಗೆ ಹತ್ತಾರು ಜನ ಬೇಕಾಗುತ್ತಿದ್ದರಂತೆ. 1970ರ ದಶಕದ ಕೊನೆಯಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದ ಮೇಲೆ ಅದರ ಕಾಲ ಇಳಿಯಿತು. ನಾವು ಕಂಡದ್ದು ಚಿಕ್ಕದು. “ಹಂತಿ ಹೊಡದಂಗ ಐತಿ” ಎಂದು ಮನೆಯವರು ಹತ್ತಿರ ಹೋದರು. ಹುಟ್ಟಿದಾಗಿನಿಂದ ಶಾಕಾಹಾರಿಗಳಾದ ಅವರು ಮೂಗಿನ ಮೇಲಿನ ಸೆರಗನ್ನು ಯಾವಾಗ ತೆಗೆದರೋ ನಾವು ನೋಡಲಿಲ್ಲ. ನೋಡುವಷ್ಟರಲ್ಲಿ ಬುಟ್ಟಿ ಹಿಡಿದ ಒಬ್ಬ ಹೆಂಗಸಿನೊಡನೆ ಮಾತಿಗೆ ನಿಂತಿದ್ದರು. ಅವಳ ಕನ್ನಡ ಅರ್ಧ ಕೊಂಕಣಿ, ಇವರದು ಪೂರಾ ಗದಗು. ಮೀನಿನ ದರ, ಕಡಲೆಯ ದರ, ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳಿಗೆ ಸಮುದ್ರಕ್ಕಿಳಿಯಲು ಇರುವ ಬಂದಿ, ನಮ್ಮಲ್ಲಿ ಅದೇ ತಿಂಗಳುಗಳಲ್ಲಿ ಮಳೆಯ ದಾರಿ ಕಾಯುವದು, ಸೊಸೆಯಂದಿರು, ಎಲ್ಲವೂ ಆಯಿತು. ಹೊರಡುವಾಗ ಅವಳು ಕೊಡಬಂದ ಮೀನನ್ನು ಬೇಡವೆಂದು, ಪ್ರತಿಯಾಗಿ ಗುರೆಳ್ಳಿನ ಹಿಂಡಿಯ ಪೊಟ್ಟಣವನ್ನು ಕೊಟ್ಟು ಬಂದರು. ಅದು ನಮ್ಮ ಪಾಲಿನ ಹಿಂಡಿಯಾಗಿತ್ತು.

ಚಹಾದ ಅಂಗಡಿಯಲ್ಲಿ ಒಂದು ಸುದ್ದಿ ತಿಳಿಯಿತು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಆ ದಿವಸವೇ, ಫೆಬ್ರುವರಿ 13ರಂದು, ತೀರಿಕೊಂಡಿದ್ದರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೇ ಆಗಿದ್ದು, ಊರಿನ ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿ ಹೋರಾಡಿ, 2017ರಲ್ಲಿ ಪದ್ಮಶ್ರೀ ಪಡೆದ ಮುದುಕಿ. ಅಂಗಡಿಯಲ್ಲಿ ಕೆಲ ಹೊತ್ತು ಯಾರೂ ಮಾತಾಡಲಿಲ್ಲ.

ಆ ರಾತ್ರಿ ಕೋಣೆಯಲ್ಲಿ ಕಣ್ಣಿಗೆ ಹನಿ ಹಾಕುವ ಹೊತ್ತು. ಈ ಕೆಲಸವನ್ನು ಮನೆಯಲ್ಲಿ ಸೊಸೆ ಮಾಡುತ್ತಿದ್ದಳು. ಇಲ್ಲಿ ನಮ್ಮ ಪಾಲಿಗೆ ಬಂದಿತು. ರೆಪ್ಪೆಯನ್ನು ಕೆಳಗೆ ಸರಿಸಿ ಒಂದೇ ಹನಿ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು, ಇಲ್ಲವಾದರೆ ಔಷಧಿಯು ಗಂಟಲಿಗಿಳಿದು ವ್ಯರ್ಥವಾಗುವದು. ಮೊದಲನೆಯ ದಿವಸ ನಮ್ಮ ಕೈ ನಡುಗಿ ಮೂರು ಹನಿ ಕೆನ್ನೆಯ ಮೇಲೆ ಹೋಗಿದ್ದವು. ಎರಡನೆಯ ದಿವಸ ಸರಿಯಾಗಿ ಬಿದ್ದಿತು. ಕಣ್ಣು ಮುಚ್ಚಿ ಮಲಗಿದ್ದವರು ಸಣ್ಣಗೆ ಗುನುಗತೊಡಗಿದರು. ಬೀಸುವ ಕಲ್ಲಿನ ಹಾಡು. ಹೊಸದಾಗಿ ಬಂದಾಗ ನಸುಕಿನಲ್ಲಿ ಅದನ್ನು ಕೇಳುತ್ತ ನಾವು ಹಾಸಿಗೆಯಲ್ಲಿಯೇ ಮಲಗಿರುತ್ತಿದ್ದೆವು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆಗೆ ಹೋಯಿತು, ಅದರೊಡನೆ ಹಾಡೂ ಹೋಯಿತೆಂದು ತಿಳಿದಿದ್ದೆವು. ಹೋಗಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ನಾಲ್ಕು ದಿವಸ ಏನು ಮಾತಾಡುವದೆಂಬ ನಮ್ಮ ಅಂಜಿಕೆಯು ಎಲ್ಲಿ ಹೋಯಿತೋ ತಿಳಿಯದು. ಆ ರಾತ್ರಿ ಒಂದರ ವರೆಗೆ ಹಾಡಿನ ಹಿಂದಿನ ಕಥೆಗಳು ನಡೆದವು. ನಮ್ಮ ತಾಯಿಯವರ ಮೇಲೆ ಕಟ್ಟಿದ ಒಂದು ಹಾಡೂ ಇದ್ದಿತು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಮೂರನೆಯ ದಿವಸ ದಕ್ಷಿಣಕ್ಕೆ ಹೊರಟೆವು. ಅಂಕೋಲೆಯಾಚೆಗೆ ಶಿರೂರಿನಲ್ಲಿ ಮೋಟಾರಿನೊಳಗಿನವರೆಲ್ಲ ಒಂದೇ ಕಡೆಗೆ ಬಾಗಿ ನೋಡಿದರು. 2024ರ ಜುಲೈ 16ರಂದು, ಹೆದ್ದಾರಿಗಾಗಿ ಬುಡವನ್ನು ಕಡಿದಿದ್ದ ಗುಡ್ಡವು ವಿಪರೀತ ಮಳೆಗೆ ಕುಸಿದದ್ದು ಇಲ್ಲಿಯೇ. ರಸ್ತೆಯ ಬದಿಗೆ ಚಹಾದಂಗಡಿಯನ್ನು ನಡಿಸುತ್ತಿದ್ದ ಗಂಡ, ಹೆಂಡತಿ, ಎರಡು ಮಕ್ಕಳು ಮಣ್ಣಿನೊಡನೆ ಹೋದರು. ನಿಂತಿದ್ದ ಲಾರಿಯವರು ಗಂಗಾವಳಿಯ ಪಾಲಾದರು. ಒಬ್ಬ ಚಾಲಕನ ದೇಹ ಸಿಕ್ಕಲು ಸೆಪ್ಟೆಂಬರದ ವರೆಗೆ ಕಾಯಬೇಕಾಯಿತು. ಹೊಳೆಯು ಶಾಂತವಾಗಿ ಹರಿಯುತ್ತಿತ್ತು. ನಮ್ಮ ಧಾರವಾಡದ ಸೀಮೆಯ ನೀರು. “ಇಬ್ಬರೂ ಕೂಡೇ ಇದ್ದರಲ್ರೀ” ಎಂದು ಮನೆಯವರು ಅಂದರು. ಅದನ್ನು ಸಮಾಧಾನಕ್ಕೆ ಅಂದರೋ ಸಂಕಟಕ್ಕೆ ಅಂದರೋ ನಾವು ಕೇಳಲಿಲ್ಲ.

ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟೆ. ಮಹಾಬಲೇಶ್ವರನ ದರ್ಶನಕ್ಕಿಂತ ಹೆಚ್ಚು ಹೊತ್ತನ್ನು ಅವರು ಇಲ್ಲಿಯ ಉಪ್ಪಿನ ಗದ್ದೆಗಳ ಬದುವಿನ ಮೇಲೆ ಕಳೆದರು. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸುತ್ತ, ಬಿಸಿಲಿಗೆ ಗಟ್ಟಿಯಾದ ಉಪ್ಪನ್ನು ಮರದ ಹಲಗೆಯಿಂದ ಬಳಿದು ರಾಶಿ ಮಾಡುವರು. ಮಳೆ ಬಂದರೆ ಸುಗ್ಗಿ ಮುಗಿಯಿತು. ಮಳೆ ಬಾರದಿರಲೆಂದು ಬೇಡುವ ಒಕ್ಕಲುತನವೂ ಲೋಕದಲ್ಲಿದೆಯೆಂದು ಅವರು ಬಹಳ ಆಶ್ಚರ್ಯಪಟ್ಟರು. ಇದೇ ಉಪ್ಪಿಗಾಗಿ 1930ರ ಏಪ್ರಿಲ್ 13ರಂದು ಅಂಕೋಲೆಯ ದಂಡೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕಾಯದೆಯನ್ನು ಮುರಿದದ್ದನ್ನು ನಾವು ಹೇಳಿದೆವು. ಅವರ ಲಕ್ಷ್ಯವೆಲ್ಲ ಹರಳಿನ ಮೇಲಿತ್ತು; ಬಿಳಿಯ ರಾಶಿಯಾದದ್ದರಿಂದ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತೆಂದು ಆಮೇಲೆ ಹೇಳಿದರು. ಉಪ್ಪಿನಕಾಯಿಗೆಂದು ಐದು ಸೇರಿನಷ್ಟನ್ನು ಕಟ್ಟಿಸಿಕೊಂಡರು. ಹುಬ್ಬಳ್ಳಿಯ ವರೆಗೆ ಹೊತ್ತವರು ನಾವು.

ಖರ್ಚಿನ ಲೆಕ್ಕ ಕೇಳುವ ವಾಚಕರಿಗಾಗಿ: ಕೋಣೆ, ಊಟ, ನಮ್ಮೊಬ್ಬರ ಟಿಕೆಟ್ಟು ಎಲ್ಲ ಕೂಡಿ ಎರಡು ಕ್ವಿಂಟಲು ಕಡಲೆಯ ಬೆಲೆಯೊಳಗೆ ಆಯಿತು. ಆ ಎರಡು ಕ್ವಿಂಟಲನ್ನು ಬಿಟ್ಟುಕೊಡಲು ಯಾವ ಸುಗ್ಗಿಯಲ್ಲಿಯೂ ಆಗುತ್ತಿರಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಮತ್ತು ಮನೆಯಲ್ಲಿ ನಲವತ್ತು ದಾಟಿದವರಿದ್ದರೆ, ಅದರಲ್ಲಿಯೂ ಸಕ್ಕರೆ ಬೇನೆಯವರಿದ್ದರೆ ಅಥವಾ ಮನೆತನದಲ್ಲಿ ಈ ರೋಗವಿದ್ದರೆ, ಕಣ್ಣಿನ ಒತ್ತಡವನ್ನೊಮ್ಮೆ ಅಳೆಸಿರಿ. ಕೊಡವನ್ನು ಎಡವಿದವರ ಮೇಲೆ ಸಿಟ್ಟು ಮಾಡುವ ಮೊದಲು ಅಳೆಸಿರಿ.

ಊರಿಗೆ ಬಂದ ರಾತ್ರಿ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಕೂಡಿದರು. ಮೊಮ್ಮಕ್ಕಳು ನಮ್ಮ ಮೊಬೈಲಿನೊಳಗಿನ ಚಿತ್ರಗಳನ್ನು ನೋಡಿ ಮುಗಿಸಿದರು. ಕಿರಿಯ ಸೊಸೆ, “ಅತ್ತೀ, ಸಮುದ್ರ ಹೆಂಗಿತ್ರೀ?” ಎಂದು ಕೇಳಿದಳು. ಅವರು ಉತ್ತರ ಕೊಡದೆ ಎದ್ದು ನಿಂತು, ಬಾಗಿಲಿನ ಕಡೆಗೆ ಮುಖ ಮಾಡಿ, ಕತ್ತನ್ನು ಮೆಲ್ಲಗೆ ತಿರುಗಿಸುತ್ತ ಬಾಗಿಲು, ಗೂಟ, ಕಿಟಕಿ, ಹಗೇವಿನ ಮೂಲೆ, ದೇವರ ಮಾಡ ಎಲ್ಲವನ್ನೂ ದಾಟಿ ಅಡಿಗೆಮನೆಯ ವರೆಗೆ ಬಂದು ನಿಲ್ಲಿಸಿದರು. “ಇನ್ನೂ ಐತಿ” ಎಂದು ಹೇಳಿ ಉಪ್ಪನ್ನು ಡಬ್ಬಿಗೆ ಸುರಿಯಲು ಒಳಗೆ ಹೋದರು.